ಹಾಫ್‌ಟೈಮ್ ಅಕ್ಕನ ಹದಿನೈದು ನಿಮಿಷ

ಟಿಣ್. ಟಿಣ್. ಟಿಣ್. ಟಪ್.

ರಾತ್ರಿ ಹನ್ನೊಂದು ದಾಟಿದೆ. ಫುಟ್‌ಬಾಲ್ ಮೈದಾನದ ಹಿಂಬದಿಯ ಬೀದಿಯಲ್ಲಿ ಎರಡೇ ಕೋಣೆಯ ಮನೆ. ನೆಲದ ಮೇಲೆ ಹಳೆಯ ಕಂಬಳಿ ಹಾಸಿ, ಅದರ ಮೇಲೆ ದಪ್ಪ ಪಿಂಗಾಣಿ ಕಪ್ಪುಗಳನ್ನು ಮಗುಚಿಟ್ಟುಕೊಂಡು ಒಬ್ಬ ಹೆಂಗಸು ಕೂತಿದ್ದಾರೆ. ಒಂದೊಂದು ಕಪ್ಪನ್ನೂ ಎತ್ತಿ ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟುತ್ತಾರೆ. ಟಿಣ್ ಎಂದರೆ ಕಪ್ಪು ನಾಳೆಯ ಪಂದ್ಯಕ್ಕೆ. ಟಪ್ ಎಂದರೆ ಒಳಗೆಲ್ಲೋ ಬಿರುಕಿದೆ, ಅದು ಬುಟ್ಟಿಗೆ.

"ಬಿಸಿ ಟೀ ಬಿದ್ದಾಗ ಬಿಟ್ಕೊಂಡ್ರೆ ಯಾರದೋ ತೊಡೆ ಸುಡುತ್ತೆ," ಎನ್ನುತ್ತಾರೆ. ಒಳಕೋಣೆಯಲ್ಲಿ ಅವರ ಗಂಡ ಮಲಗಿದ್ದಾರೆ. ಈ ಸದ್ದಿಗೆ ಎಚ್ಚರವಾಗುವುದಿಲ್ಲವೇ ಎಂದು, ಪತ್ರಿಕೆಗೆ ಬರೆಯಲು ಬಂದಿರುವ ನಾನು ಪಿಸುದನಿಯಲ್ಲಿ ಕೇಳುತ್ತೇನೆ. ಅವರು ದನಿ ತಗ್ಗಿಸುವುದೇನೂ ಇಲ್ಲ. "ಸದ್ದು ನಿಂತ್ರೆ ಎಚ್ಚರ ಆಗುತ್ತೆ. ಎದ್ದು ಬಂದು, ಯಾಕೆ, ನಾಳೆ ಮ್ಯಾಚ್ ಇಲ್ವಾ ಅಂತಾರೆ."

ಮೈದಾನದ ಪೂರ್ವದ ಸ್ಟ್ಯಾಂಡಿನಲ್ಲಿ, ಮೆಟ್ಟಿಲಿನ ಕೆಳಗಿರುವ ಚಹಾ ಕೌಂಟರ್ ಇವರದು. ಅಲ್ಲಿ ಎಲ್ಲರ ಬಾಯಲ್ಲೂ ಇವರು ಹಾಫ್‌ಟೈಮ್ ಅಕ್ಕ. ಇವರಿಗಿಂತ ಇಪ್ಪತ್ತು ವರ್ಷ ದೊಡ್ಡವರಿಗೂ ಅಕ್ಕನೇ.

ಬೆಳಗಿನ ಐದೂವರೆಗೆ ತಳ್ಳುಗಾಡಿ ಹೊರಡುತ್ತದೆ. ಮುಂದೆ ಎಳೆಯುವುದು ಅಕ್ಕ, ಹಿಂದಿನಿಂದ ನೂಕುವುದು ನಾದಿನಿ. ಬೀದಿಯ ತಿರುವಿನಲ್ಲಿ ಚರಂಡಿಯ ಕಲ್ಲೊಂದು ಎದ್ದುಕೊಂಡಿದೆ. ಅಲ್ಲಿ ಇಬ್ಬರೂ ಒಂದೇ ಸಲಕ್ಕೆ ಗಾಡಿಯನ್ನು ಅಷ್ಟೇ ಅಷ್ಟು ಎತ್ತಿ ದಾಟಿಸುತ್ತಾರೆ. ಕಪ್ಪುಗಳು ಕಿಲಕಿಲ ಎಂದಾಗ ನಾನು ಹಿಡಿಯಲು ಕೈ ಚಾಚುತ್ತೇನೆ. ಅವರಿಬ್ಬರೂ ತಿರುಗಿಯೂ ನೋಡುವುದಿಲ್ಲ.

ಕೌಂಟರಿನ ಹಿಂದೆ ಒಂದು ಕಿಟಕಿಯಿಲ್ಲದ ಕೋಣೆ. ಎರಡು ಒಲೆ, ಒಂದು ಕಲ್ಲಿನ ತೊಟ್ಟಿ, ತಲೆಗೆ ತಾಗುವಷ್ಟು ಇಳಿಜಾರಾದ ಛಾವಣಿ. ಆ ಛಾವಣಿಯೇ ಮೇಲಿನ ಸ್ಟ್ಯಾಂಡಿನ ಮೆಟ್ಟಿಲು. ಪಂದ್ಯ ನಡೆಯುವಾಗ ಇವರ ತಲೆಯ ಮೇಲೆ ಸಾವಿರಾರು ಕಾಲುಗಳು ಇರುತ್ತವೆ. ಇಷ್ಟು ವರ್ಷದಲ್ಲಿ ಒಂದಾದರೂ ಪಂದ್ಯ ಪೂರ್ತಿ ನೋಡಿದ್ದಾರೆಯೇ?

"ಯಾವಾಗ ನೋಡ್ಲಿ? ಮೊದಲ ಅರ್ಧ ಕಾಯಿಸೋದು, ಎರಡನೇ ಅರ್ಧ ತೊಳೆಯೋದು. ನನ್ನ ಆಟ ಮಧ್ಯದ ಹದಿನೈದು ನಿಮಿಷ."

ಈ ಕೌಂಟರ್ ಮೊದಲು ಅವರ ಅತ್ತೆಯದು. ಗಂಡ ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದರು. ಬೆನ್ನು ಹಿಡಿದುಕೊಂಡ ಮೇಲೆ ಆ ಕೆಲಸ ಬಿಟ್ಟರು. ಅತ್ತೆಯ ಕೈ ನಡುಗತೊಡಗಿದಾಗ ಸೊಸೆ ಸೌಟು ಹಿಡಿದರು. ಮೊದಲ ದಿನ ಎಲ್ಲವೂ ಎಡವಟ್ಟು. ಸಾಲು ಕರಗುವ ಮೊದಲೇ ಆಟ ಮತ್ತೆ ಶುರುವಾಗಿ, ಮೇಲೆ ಗೋಲು ಹೊಡೆದ ಗದ್ದಲ ಕೇಳಿತು. ಕೆಳಗೆ ಹನ್ನೆರಡು ಜನ ಕಪ್ಪು ಹಿಡಿದು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದರು.

"ಆ ಸೀಸನ್ನಿನ ಅತ್ಯುತ್ತಮ ಗೋಲಂತೆ ಅದು," ಎನ್ನುತ್ತಾರೆ ಅಕ್ಕ. "ಅವತ್ತು ಮನೆಗೆ ಹೋಗಿ ಊಟ ಸೇರಲಿಲ್ಲ ನಂಗೆ. ಮುಂದಿನ ಮ್ಯಾಚಿಗೆ ಒಂದು ನಿಯಮ ಮಾಡಿದೆ. ಮೇಲಿನ ಸಾಲಿನವರು ಮೊದಲು. ಹತ್ತೋದು ಅವರಿಗೇ ಜಾಸ್ತಿ ಅಲ್ವಾ? ಕೆಳಗಿನ ಸಾಲಿನವರು ಕೊನೆಗೆ. ಮೊದಮೊದಲು ಬೈದ್ರು. ಈಗ ಹೊಸಬ್ರು ಯಾರಾದ್ರೂ ನುಗ್ಗಿದ್ರೆ ಇವರೇ ಕಾಲರ್ ಹಿಡಿದು ಹಿಂದಕ್ಕೆ ಕಳಿಸ್ತಾರೆ. ಅವತ್ತಿನಿಂದ ನನ್ನ ದೆಸೆಯಿಂದ ಯಾರಿಗೂ ಒಂದು ಗೋಲು ತಪ್ಪಿಲ್ಲ."

ಪೂರ್ವದ ಸ್ಟ್ಯಾಂಡ್ ಎಂದರೆ ಸೀಸನ್ ಟಿಕೆಟ್ಟಿನವರ ಸ್ಟ್ಯಾಂಡ್. ವರ್ಷಕ್ಕೊಮ್ಮೆ ಹಣ ಕಟ್ಟಿ, ಅದೇ ಸೀಟಿನಲ್ಲಿ, ಅದೇ ಅಕ್ಕಪಕ್ಕದವರ ಜೊತೆ ಕೂತು ಮುದುಕರಾದವರು. ಟಿಕೆಟ್ಟಿನ ಜೊತೆ ಪ್ರತಿ ಪಂದ್ಯಕ್ಕೆ ಒಂದರಂತೆ ಹಿತ್ತಾಳೆ ಬಣ್ಣದ ಬಿಲ್ಲೆ ಸಿಗುತ್ತಿತ್ತು. ಹಾಫ್‌ಟೈಮಿನಲ್ಲಿ ಬಿಲ್ಲೆ ಕೊಟ್ಟರೆ ಅಕ್ಕನ ಒಂದು ಕಪ್ ಚಹಾ. ಬಿಲ್ಲೆಗಳಿಗೆ ಕ್ಲಬ್ಬಿನ ಆಫೀಸು ಅಕ್ಕನಿಗೆ ಹಣ ಕೊಡುತ್ತಿತ್ತು. ಈ ಸೀಸನ್ನಿನ ಆರಂಭದಲ್ಲಿ ಗೇಟಿನ ಪಕ್ಕದ ಬೋರ್ಡಿನಲ್ಲಿ ಹೊಸ ದರ ಬಂತು. ಟಿಕೆಟ್ ದರ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಬರಲಾಗದ ದಿನ ಟಿಕೆಟ್ಟನ್ನು ಮನೆಯವರಿಗೆ ಕೊಡುವಂತಿಲ್ಲ. ಚಿಕ್ಕ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವಂತಿಲ್ಲ. ಬಿಲ್ಲೆ ಇಲ್ಲ.

ಆ ದಿನ ಬೋರ್ಡಿನ ಮುಂದೆ ನಿಂತಿದ್ದ ಗಣಿತದ ಟೀಚರ್ ಒಬ್ಬರು ಈಗಲೂ ಅದನ್ನು ಹೇಳುವಾಗ ದನಿ ಗಟ್ಟಿ ಮಾಡಿಕೊಳ್ಳುತ್ತಾರೆ. "ಅದು ನಮ್ಮಪ್ಪ ಕೂತಿದ್ದ ಸೀಟು. ಒಂದ್ಸಲ ಬಿಟ್ರೆ ಮತ್ತೆ ಸಿಗಲ್ಲ. ಅದು ಆಫೀಸಿನವರಿಗೂ ಗೊತ್ತು. ಗೊತ್ತಿರೋದಕ್ಕೇ ಏರಿಸಿದ್ದು."

ಅತಿ ಮೇಲಿನ ಸಾಲಿನಲ್ಲಿ ಕೂರುವ, ನಿವೃತ್ತ ಬಸ್ ಚಾಲಕರೊಬ್ಬರಿದ್ದಾರೆ. ಸ್ಟ್ಯಾಂಡಿನವರ ಪಾಲಿಗೆ ಡ್ರೈವರ್ ಮಾವ. ಮಾತಿಗೆ ಮುಂದಾಳು ಅವರೇ. "ಬೆಲೆ ಏರಿಸ್ಲಿ ರೀ, ನಾವೂ ಸಂಸಾರ ಮಾಡಿದೋರು. ಆದ್ರೆ ಒಂದು ಕೈ ನಮ್ಮ ಜೇಬಿಗೆ ಹಾಕಿ, ಇನ್ನೊಂದು ಕೈಯಲ್ಲಿ ನಮ್ಮ ಕಪ್ ಕಿತ್ಕೊಂಡ್ರೆ ಹೇಗೆ?" ಅಂದು ಗೇಟಿನ ಮುಂದೆಯೇ ತೀರ್ಮಾನವಾಯಿತು. ಸೀಟು ಬಿಡುವುದು ಬೇಡ. ದರ ಇಳಿಸಿ ಬಿಲ್ಲೆ ವಾಪಸು ಕೊಡುವ ತನಕ ಮೈದಾನದ ಒಳಗೆ ಯಾರೂ ಬಿಡಿಗಾಸೂ ಬಿಚ್ಚುವುದು ಬೇಡ.

"ಎಲ್ಲರೂ ಕೈ ಎತ್ತಿದ್ರು. ನಾನು ದೊಡ್ಡ ಲೀಡರ್ ಥರ ಮನೆಗೆ ಹೋದೆ," ಎನ್ನುತ್ತಾರೆ ಡ್ರೈವರ್ ಮಾವ. "ಊಟಕ್ಕೆ ಕೂತು ಒಂದು ತುತ್ತು ಬಾಯಿಗಿಟ್ಟಾಗ ತಲೆಗೆ ಹೊಳೀತು. ಮೈದಾನದ ಒಳಗೆ ಅಂದ್ರೆ, ಅಕ್ಕನೂ ಒಳಗೇ ಅಲ್ವಾ?"

ಸುದ್ದಿ ಅಕ್ಕನಿಗೂ ಮುಟ್ಟಿತು. ಬಿಲ್ಲೆಯ ಹಣ ಹೋಗಿತ್ತು. ಈಗ ಕಾಸು ಕೊಟ್ಟು ಕುಡಿಯುವವರೂ ಇಲ್ಲ. ಚೆನ್ನಾಗಿ ನಡೆಯದ ಕೌಂಟರುಗಳನ್ನು ಮುಚ್ಚಿ ಚಹಾ ಯಂತ್ರ ಇಡುತ್ತಾರೆಂಬ ಮಾತು ಮೊದಲೇ ಇತ್ತು. ಯಂತ್ರವೂ ಬಂದು, ಪ್ಲಾಸ್ಟಿಕ್ ಹೊದ್ದುಕೊಂಡು ಮೆಟ್ಟಿಲಿನ ಮೂಲೆಯಲ್ಲಿ ನಿಂತಿತ್ತು. ನಾದಿನಿ, ಬಾಗಿಲು ಹಾಕಿ ಮನೆಯಲ್ಲಿರೋಣ ಎಂದರು. ಅಕ್ಕ ಒಪ್ಪಲಿಲ್ಲ. "ಅವರು ಕುಡಿಯಲ್ಲ ಅಂದಿದ್ದು ಸರಿ. ನಾನು ಕಾಯಿಸಲ್ಲ ಅಂತ ಎಲ್ಲಿ ಹೇಳಿದ್ದೀನಿ?"

ಬಹಿಷ್ಕಾರದ ಮೊದಲ ಪಂದ್ಯ. ಹಾಫ್‌ಟೈಮಿನ ಸೀಟಿ ಆಗುತ್ತದೆ. ಅಕ್ಕ ಅಭ್ಯಾಸಬಲದಿಂದ ಕಪ್ಪುಗಳನ್ನು ಜೋಡಿಸಿ ನಿಂತಿದ್ದಾರೆ. ಮೆಟ್ಟಿಲ ಮೇಲೆ ಕಾಲಸದ್ದು. ಎಂದಿನ ಹಾಗೆಯೇ ಮೇಲಿನ ಸಾಲಿನವರು ಮೊದಲು ಇಳಿದು ಬರುತ್ತಾರೆ, ಎಂದಿನ ಹಾಗೆಯೇ ಸಾಲು ನಿಲ್ಲುತ್ತಾರೆ. ಎಲ್ಲರ ಕಂಕುಳಲ್ಲೂ ಒಂದೊಂದು ಫ್ಲಾಸ್ಕ್.

"ಕಪ್ ಇಡಿ ಅಕ್ಕ," ಎಂದರಂತೆ ಡ್ರೈವರ್ ಮಾವ. ತಮ್ಮ ಫ್ಲಾಸ್ಕ್ ಬಿಚ್ಚಿ ಒಂದು ಕಪ್ಪಿಗೆ ತಮಗೆ, ಇನ್ನೊಂದು ಕಪ್ಪಿಗೆ ಅಕ್ಕನಿಗೆ ಬಗ್ಗಿಸಿದರಂತೆ. "ಇಷ್ಟು ವರ್ಷ ನೀವು ಕೊಟ್ರಿ. ಇವತ್ತು ನಮ್ಮನೇದು ಕುಡೀರಿ."

ಹಿಂದಿನವರು ಬಿಟ್ಟಾರೆಯೇ? ಅಕ್ಕನಿಗೆ ಒಬ್ಬೊಬ್ಬರದೂ ಒಂದೊಂದು ಗುಟುಕು. ಟೀಚರ್ ಮನೆಯದು, ಒಂದೇ ಅಂಗಡಿಯಲ್ಲಿ ಹೊಲಿಯುವ ಟೈಲರ್ ಅಣ್ಣತಮ್ಮಂದಿರದು, ಯಾರದೋ ಸೊಸೆ ಮಾಡಿದ್ದು, ಯಾರದೋ ಹೆಂಡತಿ ಸಿಟ್ಟಿನಲ್ಲಿ ಮಾಡಿದ್ದು. ಆ ಹದಿನೈದು ನಿಮಿಷದಲ್ಲಿ ಅಕ್ಕ ಒಂದು ಹನಿ ಚಹಾವನ್ನೂ ಮಾರಲಿಲ್ಲ. ಆದರೂ ಪ್ರತಿ ಕಪ್ಪೂ ಅವರದೇ, ತೊಳೆದದ್ದೂ ಅವರೇ. ಆಟ ಮತ್ತೆ ಶುರುವಾಗುವ ಮೊದಲು ಎಲ್ಲರನ್ನೂ ಮೆಟ್ಟಿಲು ಹತ್ತಿಸಿದ್ದೂ ಅವರೇ.

ಚಹಾ ಹೇಗಿತ್ತು ಎಂದು ಕೇಳಿದರೆ ಅಕ್ಕ ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡು ನಗುತ್ತಾರೆ. "ಒಂದರಲ್ಲಿ ಸಕ್ಕರೆ ಪಾಯಸದಷ್ಟು. ಒಂದರಲ್ಲಿ ಫ್ಲಾಸ್ಕಿನ ಮುಚ್ಚಳದ ವಾಸನೆ. ಡ್ರೈವರ್ ಮಾವನ ಮನೆ ಟೀ ಕುಡಿದ ಮೇಲೆ ಗೊತ್ತಾಯ್ತು, ಮನುಷ್ಯ ಯಾಕೆ ಒಂದು ಮ್ಯಾಚೂ ತಪ್ಪಿಸಲ್ಲ ಅಂತ."

ನಗು ಹೊಟ್ಟೆ ತುಂಬಿಸುವುದಿಲ್ಲ. ಆ ವಾರಗಳಲ್ಲಿ ಅಕ್ಕ ನಸುಕಿನಲ್ಲೆದ್ದು ಬಸ್ ಡಿಪೋ ಮುಂದೆ ಚಹಾ ಮಾರಿದರು. ಡಿಪೋದ ಕಾವಲುಗಾರ ಎರಡು ಸಲ ಎಬ್ಬಿಸಿ ಕಳಿಸಿದ. ಇದು ಸ್ಟ್ಯಾಂಡಿನವರಿಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿಲ್ಲದ್ದು ಇನ್ನೂ ಒಂದಿತ್ತು. ಅದನ್ನು ನನಗೆ ಹೇಳಿದ್ದು ನಾದಿನಿ, ತೊಟ್ಟಿಯ ಮುಂದೆ ಕಪ್ಪು ತೊಳೆಯುತ್ತ, ಅತ್ತಿಗೆ ಹಾಲು ತರಲು ಹೋದಾಗ.

ಮೂರನೆಯ ಪಂದ್ಯದ ದಿನ ಆಫೀಸಿನಿಂದ ಒಬ್ಬ ತರುಣ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಫೋನು. ಒರಟನಲ್ಲ, ಅಕ್ಕ ಎಂದೇ ಮಾತಾಡಿಸಿದ. "ಎರಡೇ ಮಾತು ಅಕ್ಕ. ಈ ಜನರಿಂದ ನನ್ನ ಒಲೆ ಆರಿದೆ ಅಂತ ಹೇಳಿ, ನಾನು ವಿಡಿಯೋ ತಗೋತೀನಿ. ಕೌಂಟರ್ ನಿಮಗೇ ಉಳಿಯುತ್ತೆ. ಆ ಮಶೀನನ್ನ ನಾಳೆನೇ ಎತ್ತಿಸ್ತೀನಿ."

ಅಕ್ಕ ಕೌಂಟರಿನ ಕಲ್ಲು ಒರೆಸುವುದನ್ನು ನಿಲ್ಲಿಸಲಿಲ್ಲವಂತೆ. "ಒಲೆ ಆರಿದ್ದು ನೀವು ಬಿಲ್ಲೆ ನಿಲ್ಲಿಸಿದ ದಿನ. ಅದನ್ನ ಹೇಳ್ಲಾ?"

"ಅದು ಬೇಡ."

"ಹಾಗಾದ್ರೆ ನಂಗೆ ಬೇರೆ ಮಾತು ಬರಲ್ಲಪ್ಪ."

ಅವನು ಫೋನು ಕೆಳಗಿಳಿಸಿದ. "ಹೀಗಾದ್ರೆ ಮುಂದಿನ ತಿಂಗಳು ಈ ಕೌಂಟರ್ ಇರುತ್ತೆ ಅಂತ ನಾನು ಹೇಳಕ್ಕಾಗಲ್ಲ ಅಕ್ಕ."

"ಗೊತ್ತು. ಟೀ ಕುಡೀತೀಯಾ?"

ರಾತ್ರಿ ಮನೆಯಲ್ಲಿ ನಾದಿನಿ ಜಗಳಕ್ಕೇ ಬಿದ್ದರು. "ಅತ್ತಿಗೆ, ಡ್ರೈವರ್ ಮಾವನಿಗಾದ್ರೂ ಹೇಳೋಣ. ಅವರಿಗೋಸ್ಕರ ನಮ್ಮ ಕೌಂಟರ್ ಹೋಗುತ್ತೆ ಅಂತ ಅವರಿಗೆ ಗೊತ್ತಾಗೋದು ಬೇಡ್ವಾ?" ಅಕ್ಕ ಕೊಟ್ಟ ಉತ್ತರವನ್ನು ನಾದಿನಿ ಅವರದೇ ದನಿಯಲ್ಲಿ ನನಗೆ ಒಪ್ಪಿಸುತ್ತಾರೆ. "ಗೊತ್ತಾದ್ರೆ ಮುಂದಿನ ಮ್ಯಾಚಿಗೆ ಫ್ಲಾಸ್ಕ್ ಮನೇಲಿಟ್ಟು ಬರ್ತಾರೆ. ನನ್ನ ಮುಖ ನೋಡಿ ಒಬ್ಬೊಬ್ಬರೂ ಎರಡೆರಡು ಟೀ ಕುಡೀತಾರೆ. ಅಲ್ಲಿಗೆ ಮುಗೀತು. ದರ ಇಳಿಯಲ್ಲ, ಬಿಲ್ಲೆ ಬರಲ್ಲ, ನನ್ನಿಂದ ಸೋತ್ರು ಅನ್ನೋದೊಂದು ಉಳಿಯುತ್ತೆ. ಸುಮ್ಮನಿರು." ಗಂಡನಿಗೂ ಹೇಳಲಿಲ್ಲ. ಅವರ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ.

ಹಾಲಿನ ಕ್ಯಾನು ಹಿಡಿದು ಬಂದ ಅಕ್ಕನಿಗೆ ನಮ್ಮಿಬ್ಬರ ಮುಖ ನೋಡಿದೊಡನೆ ತಿಳಿಯುತ್ತದೆ. ನಾದಿನಿಯನ್ನು ಒಮ್ಮೆ ದುರುಗುಟ್ಟಿ ನೋಡುತ್ತಾರೆ. ಇದನ್ನು ಬರೆಯಬಹುದೇ ಎಂದು ನಾನು ಅಳುಕುತ್ತಲೇ ಕೇಳುತ್ತೇನೆ. ಬೇಡವೆಂದರೆ ಬಿಡುವುದು ಎಂದು ನಿಶ್ಚಯಿಸಿಯೇ ಕೇಳಿದ್ದೇನೆ. ಅವರು ಕ್ಯಾನನ್ನು ಒಲೆಯ ಪಕ್ಕಕ್ಕೆ ಇಳಿಸುತ್ತಾರೆ.

"ಬರೀರಿ, ಪರವಾಗಿಲ್ಲ. ನಮ್ಮ ಸ್ಟ್ಯಾಂಡಿನವರು ಪೇಪರಲ್ಲಿ ಆಟದ ಪುಟ ಬಿಟ್ಟು ಬೇರೇನೂ ಓದಲ್ಲ."

ಆರನೆಯ ಪಂದ್ಯಕ್ಕೆ ಬೋರ್ಡಿನಲ್ಲಿ ಹೊಸ ಹಾಳೆ ಬಂತು. ಬಹಿಷ್ಕಾರ ಅಷ್ಟರಲ್ಲಿ ಉಳಿದ ಸ್ಟ್ಯಾಂಡುಗಳಿಗೂ ಹಬ್ಬಿ, ತಂಪು ಪಾನೀಯ ಮಾರಾಟವಾಗದೆ ಉಳಿದು, ತಿಂಡಿ ಕೊಳೆಯತೊಡಗಿತ್ತು. ಏರಿಸಿದ್ದರಲ್ಲಿ ಅರ್ಧದಷ್ಟು ದರ ಇಳಿಯಿತು. ಬಿಲ್ಲೆ ವಾಪಸಾಯಿತು. ಕೌಂಟರೂ ಉಳಿಯಿತು. ಆದರೆ ಮಕ್ಕಳನ್ನು ತೊಡೆಯ ಮೇಲೆ ಕೂರಿಸುವ ಅವಕಾಶ ಬರಲಿಲ್ಲ, ಮನೆಯವರಿಗೆ ಟಿಕೆಟ್ ಕೊಡುವುದೂ ಇಲ್ಲ. ಟೈಲರ್ ಅಣ್ಣತಮ್ಮಂದಿರಲ್ಲಿ ತಮ್ಮ ಈ ವರ್ಷ ಸೀಟು ಬಿಟ್ಟಿದ್ದಾರೆ. ಅಣ್ಣನ ಪಕ್ಕದಲ್ಲಿ ಈಗ ಕೂರುವವನು ಅಪರಿಚಿತ. ಪೂರ್ತಿ ಗೆಲುವಲ್ಲ. ಆದರೂ ಪೂರ್ವದ ಸ್ಟ್ಯಾಂಡಿನವರು ನಡೆಯುವ ಠೀವಿ ನೋಡಿದರೆ ಕಪ್ಪು ಗೆದ್ದು ತಂದವರು ಆಟಗಾರರಲ್ಲ, ಇವರೇ ಅನ್ನಿಸುತ್ತದೆ. ಚಹಾ ಯಂತ್ರ ಇನ್ನೂ ಮೂಲೆಯಲ್ಲೇ ಇದೆ. ಅಕ್ಕ ಅದರ ಮೇಲೆ ಒರೆಸುವ ಬಟ್ಟೆ ಒಣಹಾಕುತ್ತಾರೆ.

ಹಾಫ್‌ಟೈಮಿನ ಸೀಟಿ. ತಲೆಯ ಮೇಲಿನ ಛಾವಣಿ ಗುಡುಗುತ್ತದೆ. ಅಕ್ಕ ಸೆರಗು ಸಿಕ್ಕಿಸಿ ಸೌಟು ಹಿಡಿಯುತ್ತಾರೆ. ಬಿಲ್ಲೆ ಡಬ್ಬಿಗೆ, ಕಪ್ಪು ಕೈಗೆ. ಅವರ ಕೈ ಒಂದು ಸಲವೂ ತಡವರಿಸುವುದಿಲ್ಲ. ಮೊದಲನೆಯವರು ಡ್ರೈವರ್ ಮಾವ. ಕಪ್ಪು ತೆಗೆದುಕೊಂಡವರು ಮೆಟ್ಟಿಲಿನ ಕಡೆ ಹೋಗದೆ, ಒಂದು ಪಕ್ಕಕ್ಕೆ ಒರಗಿ ನಿಲ್ಲುತ್ತಾರೆ.

"ಅಕ್ಕ, ಬಹಳ ದಿನದಿಂದ ಕೇಳಬೇಕು ಅಂತಿದ್ದೆ. ಅವತ್ತು ಗಲಾಟೆ ನಡೀತಿದ್ದಾಗ ಆಫೀಸಿನ ಹುಡುಗ ಫೋನ್ ಹಿಡ್ಕೊಂಡು ನಿಮ್ಮ ಮುಂದೆ ನಿಂತಿದ್ನಂತೆ. ಗೇಟಿನವನು ನೋಡಿದ್ನಂತೆ. ಏನಂತೆ ಅವನಿಗೆ?"

ತೊಟ್ಟಿಯ ಹತ್ತಿರ ನಾದಿನಿಯ ಕೈ ನಿಲ್ಲುತ್ತದೆ. ಈಗ ಹೇಳಿದರೆ ಕಳೆದುಕೊಳ್ಳುವುದೇನೂ ಇಲ್ಲ. ಹೇಳಿದರೆ ಈ ಸಾಲಿನಲ್ಲಿರುವ ಅಷ್ಟೂ ಜನ ಅವರನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿಸುತ್ತಾರೆ. ಅಕ್ಕ ಸೌಟನ್ನು ಪಾತ್ರೆಗೆ ಅದ್ದುತ್ತಾರೆ, ಮುಂದಿನ ಕಪ್ಪನ್ನು ತುಂಬುತ್ತಾರೆ, ಚೆಲ್ಲದ ಹಾಗೆ ಟೀಚರ್ ಕೈಗೆ ದಾಟಿಸುತ್ತಾರೆ.

"ಟೀ ಕೇಳ್ಕೊಂಡು ಬಂದಿದ್ದ."

"ಕೊಟ್ರಾ?"

"ಕೊಟ್ಟೆ. ಸಕ್ಕರೆ ಹಾಕದೆ."

ಡ್ರೈವರ್ ಮಾವ ಕಪ್ಪು ತುಳುಕುವಷ್ಟು ನಗುತ್ತಾರೆ. ಅಕ್ಕ ಅವರತ್ತ ನೋಡದೆ ಕೈಬೀಸುತ್ತಾರೆ.

"ನಗ್ತಾ ನಿಂತ್ರೆ ಗೋಲು ತಪ್ಪುತ್ತೆ. ಹತ್ತಿ, ಹತ್ತಿ."