ತವರು ಕೇಳುವ ಕಾಂಪೌಂಡರು

ಗುರುವಾರ. ನಂಜನಗೂಡಿನಿಂದ ಮೊದಲ ಬಸ್ಸು ಹಿಡಿದು ಬಂದ ಕಾಂಪೌಂಡರು ಚಿಕ್ಕಬಸಪ್ಪ, ಬೆಳಕು ಹರಿಯುವ ಹೊತ್ತಿಗೆ ತಿ. ನರಸೀಪುರದ ಪುಟ್ಟ ಕ್ಲಿನಿಕ್ಕಿನ ಬೀಗ ತೆಗೆಯುತ್ತಿದ್ದಾರೆ. ಮೈಸೂರಿನಿಂದ ಮನಸ್ಸಿನ ಕಾಯಿಲೆಯ ಡಾಕ್ಟರು ಬರುವುದು ಹತ್ತು ಗಂಟೆಗೆ. ಅಷ್ಟರಲ್ಲಿ ಪೊಟ್ಟಣಕ್ಕೆ ಕಾಗದ ಕತ್ತರಿಸಬೇಕು, ನಲವತ್ತೈವತ್ತು ಜನರ ಚೀಟಿ ಬರೆಯಬೇಕು. ಜಗುಲಿಯಲ್ಲಿ ಆಗಲೇ ಒಬ್ಬ ಹೆಂಗಸು ಸೆರಗು ಹೊದ್ದು ಕೂತಿದ್ದಾಳೆ.

“ತವರು ಯಾವೂರವ್ವ?”

“ಮಾತ್ರೆಗೆ ಬಂದಿವ್ನಿ. ಎಣ್ಣು ಕೇಳಕ್ ಬಂದೋರಂಗೆ ಕೇಳ್ತೀರಲ್ಲ ಸಾ!”

“ಮಾತ್ರೆ ಕೊಡಕ್ಕೇ ಕಣವ್ವ ಕೇಳ್ತಿರೋದು. ನಿಮ್ಮ ಒಡಹುಟ್ಟಿದೋರು ಯಾರಾದ್ರೂ ಈ ಮಾತ್ರೆ ನುಂಗವ್ರಾ?”

ಊರವರು ಇವರಿಗೆ ‘ತವರು ಬಸಪ್ಪ’ ಎಂದೇ ಹೆಸರಿಟ್ಟಿದ್ದಾರೆ. ಅವರಿಗೇನೂ ಬೇಸರವಿಲ್ಲ.

ಎಪ್ಪತ್ತೊಂದರಲ್ಲಿ ಕ್ಲಿನಿಕ್ಕು ಶುರುವಾದ ಹೊಸದರ ದಿನಗಳನ್ನು ನೆನೆದರೆ ಮುಖ ಅರಳುತ್ತದೆ. ಮಂಕಿಗೂ ಮಾತ್ರೆಯೇ ಎಂದು ಜನ ನಗುತ್ತಿದ್ದ ಕಾಲ. ಸೈಕಲ್ಲಿನಲ್ಲಿ ಮನೆಮನೆಗೆ ಹೋಗಿ ಮಾತ್ರೆ ನುಂಗಿಸುತ್ತಿದ್ದರು. “ಬೈದೋರ ಮನೇಲೂ ಮಜ್ಜಿಗೆ ಕುಡ್ಸೇ ಕಳಿಸೋರು ಸಾ. ಆ ಜನ ಈಗೆಲ್ಲಿ!” ಎನ್ನುತ್ತಾರೆ, ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದಿರುವ ನನಗೆ.

ನೆನೆದರೆ ಮುಖ ಬಾಡುವ ದಿನವೂ ಒಂದಿದೆ. ಎಪ್ಪತ್ತೇಳರಲ್ಲಿ ಸುತ್ತೂರು ಕಡೆಯ ಪುಟ್ಟಬಸಮ್ಮ ಹೆರಿಗೆಯಾದ ಮೇಲೆ ಮಾತು ಬಿಟ್ಟಳು, ಕೂಸನ್ನು ಮುಟ್ಟಲಿಲ್ಲ. ಡಾಕ್ಟರು ಎಲ್ಲರಿಗೂ ಕೊಡುವಷ್ಟೇ ಮಾತ್ರೆ ಕೊಟ್ಟರು. ವಾರದೊಳಗೆ ಬಾಯೊಣಗಿ, ತಲೆ ಸುತ್ತಿ, ಬಾವಿಕಟ್ಟೆಯ ಬಳಿ ಬಿದ್ದಳು. ಅತ್ತೆ ಮಾತ್ರೆಯನ್ನು ತಿಪ್ಪೆಗೆಸೆದರು. ಸುದ್ದಿ ತಿಳಿದು ಓಡಿದ ಚಿಕ್ಕಬಸಪ್ಪನವರಿಗೆ ಅಲ್ಲಿ ಅವಳ ಪಕ್ಕ ಕೂತಿದ್ದ ಅವಳ ಅಣ್ಣ ಶಂಭುಲಿಂಗಪ್ಪ ಕಂಡರು. ಎರಡು ವರ್ಷದ ಹಿಂದೆ ಅದೇ ಮಾತ್ರೆಗೆ ಹೀಗೇ ಬಿದ್ದು, ಕಾಲು ಭಾಗಕ್ಕೆ ಇಳಿಸಿದ ಮೇಲೆ ಚೇತರಿಸಿಕೊಂಡಿದ್ದವರು ಅವರು.

“ಅಣ್ಣನ ಚೀಟಿ ಬೀರುನಲ್ಲೇ ಇತ್ತು ಸಾ. ಆವಮ್ಮನ ಚೀಟಿ ಬರೆದೋನೂ ನಾನೇ. ಗಂಡನ ಎಸ್ರು ಬರೆದೆ, ಗಂಡನ ಊರು ಬರೆದೆ. ಯಾರ ಮನೆ ಮಗ್ಳು ಅಂತ ಕೇಳ್ಲೇ ಇಲ್ಲ.” ದನಿ ಇಂದಿಗೂ ತಗ್ಗುತ್ತದೆ.

ಡಾಕ್ಟರು ಬಿಡಿಸಿ ಹೇಳಿದರಂತೆ. ಕೆಲವರ ಮೈ ಮಾತ್ರೆಯನ್ನು ಬೇಗ ಅರಗಿಸುತ್ತದೆ, ಕೆಲವರದು ನಿಧಾನ. ನಿಧಾನವಾದರೆ ಔಷಧಿ ಮೈಯಲ್ಲೇ ಉಳಿದು ಹೆಚ್ಚಾಗುತ್ತದೆ. ಅದು ಹುಟ್ಟಿನಿಂದ ಬರುವ ಗುಣ. ಒಡಹುಟ್ಟಿದವರಲ್ಲಿ ಒಂದೇ ಥರ ಇರಬಹುದು, ಇಲ್ಲದೆಯೂ ಇರಬಹುದು, ಕೇಳುವುದು ಒಳ್ಳೆಯದು.

ಚಿಕ್ಕಬಸಪ್ಪ ಅತ್ತೆಯ ಕೈಕಾಲು ಹಿಡಿದು ಕಾಲು ಭಾಗದ ಮಾತ್ರೆ ಶುರು ಮಾಡಿಸಿದರು. ಐದನೇ ವಾರ ಪುಟ್ಟಬಸಮ್ಮ ಬಾಯಿಬಿಟ್ಟು ಸಾರಿಗೆ ಉಪ್ಪಿಲ್ಲ ಎಂದಳು. ಸಾರು ಮಾಡಿದ್ದ ಅತ್ತೆ ಸಂತೋಷಕ್ಕೆ ಅತ್ತುಬಿಟ್ಟರು. ಅಂದು ಸಂಜೆ ಅವಳೇ ಕೂಸನ್ನು ಕೇಳಿ ಮಡಿಲಿಗೆ ಹಾಕಿಕೊಂಡಳು.

ಆಮೇಲೆ ಎಂಟು ವರ್ಷದಲ್ಲಿ ಆರುನೂರು ಹೆಂಗಸರ ಚೀಟಿಯ ಮೂಲೆಯಲ್ಲಿ ತವರಿನ ಹೆಸರು ಬಿದ್ದಿದೆ. ಈಗ ಅಚ್ಚು ಹಾಕಿಸಿದ ಕಾರ್ಡು ಬಂದಿದೆ. ಅದರಲ್ಲಿರುವುದು ‘ತಂದೆ ಅಥವಾ ಗಂಡನ ಹೆಸರು’ ಎಂಬ ಒಂದೇ ಗೆರೆ. ಬರುವ ವರ್ಷ ಕೆಲಸ ಬಿಡಲಿರುವ ಚಿಕ್ಕಬಸಪ್ಪನವರಿಗೆ ಅದೊಂದೇ ಸಂಕಟ.

“ಸನ್ಮಾನ ಗಿನ್ಮಾನ ಏನೂ ಬ್ಯಾಡಿ ಸಾ. ಆ ‘ಅಥವಾ’ ಒಂದ ಬರ್ದು ತೆಗೆಸ್ಬುಡಿ, ಎರಡು ಎಸ್ರೂ ಇರ್ಲಿ. ಎಣ್ಮಗ್ಳು ಗಂಡನ ಮನೆಗೆ ಬಂದವ್ಳೆ ನಿಜ, ಮೈಯ ತವರಿಂದಲ್ವಾ ತಂದಿರೋದು?”