ನಳಿಕೆಯಲ್ಲಿ ಇಳಿದ ಸಕ್ಕರೆ

ಕರುಣಾ ಬೆಂಗೇರಿಯ ಸಣ್ಣ ಪ್ರಯೋಗಾಲಯವೊಂದರಲ್ಲಿ ಇಪ್ಪತ್ತಾರು ವರ್ಷದಿಂದ ರಕ್ತ ಪರೀಕ್ಷೆ ಮಾಡುತ್ತಿದ್ದಳು. ಮದುವೆ ಮನೆಯಲ್ಲಿ ಪರಿಚಯದವರು ಎದುರಾದರೆ ಅವಳಿಗೆ ಮೊದಲು ಅವರ ಹಿಮೋಗ್ಲೋಬಿನ್ ನೆನಪಾಗುತ್ತಿತ್ತು, ಆಮೇಲೆ ಹೆಸರು.

ಮಾರ್ಚ್ ತಿಂಗಳಲ್ಲಿ ಅಮ್ಮಿನಬಾವಿಯಲ್ಲಿ ಸಕ್ಕರೆ ಕಾಯಿಲೆಯ ಶಿಬಿರ ನಡೆಯಿತು. ರಕ್ತ ತೆಗೆಯಲು ಹೋದ ಸಹೋದ್ಯೋಗಿ ಗೌತಮ ಸಕ್ಕರೆ ಪರೀಕ್ಷೆಗೆ ಬೇಕಾದ ಬೂದು ಮುಚ್ಚಳದ ನಳಿಕೆಗಳನ್ನು ಮರೆತು ಹೋಗಿದ್ದ. ಇಪ್ಪತ್ತೆರಡು ಜನರ ರಕ್ತವನ್ನೂ ಕೆಂಪು ಮುಚ್ಚಳದವುಗಳಲ್ಲಿ ತುಂಬಿದ. ಭಾಷಣ, ಸನ್ಮಾನ, ಊಟ ಮುಗಿದು ಗಾಡಿ ವಾಪಸು ಬರಲು ಏಳು ತಾಸು ಹಿಡಿಯಿತು. ಪರೀಕ್ಷೆಯಲ್ಲಿ ಎಲ್ಲರ ಸಕ್ಕರೆಯೂ ಇಳಿದಿತ್ತು. ಮುಚ್ಚಳದ ಬಣ್ಣ ಕರುಣಾಳ ಕಣ್ಣಿಗೆ ಬಿದ್ದಿತ್ತು. ಆದರೆ ಅಂದು ತಂಗಿಯ ಬಸುರಿ ಮಗಳ ಕುಬಸ, ಆರಕ್ಕೆ ಬಸ್ಸು. ಸಹಿ ಹಾಕಿ ಹೊರಟಳು.

ಹನ್ನೆರಡು ದಿನದ ಮೇಲೆ ಅಮ್ಮಿನಬಾವಿಯ ಮುರುಗೆಪ್ಪ ಎಂಬ ರೈತ ಫೋನ್ ಮಾಡಿದ.

"ಹದಿಮೂರು ವರ್ಷದ ಬ್ಯಾನಿ ಹೋತ್ರಿ, ಬಾಯಾರ. ಗುಳಿಗಿ ಬಿಟ್ಟೇನಿ. ನಿಮ್ಮ ಕೈಗುಣ ಛಲೋ ಐತಿ."

ಕರುಣಾ ಫೋನ್ ಇಟ್ಟು ಮಾಲೀಕ ಬಸವಪ್ರಭುವಿನ ಬಳಿ ಹೋಗಿ ಎಲ್ಲ ಹೇಳಿದಳು.

"ಸಕ್ಕರಿ ಕಮ್ಮಿ ಬಂತು ಅಂತ ಯಾರರೆ ತಕರಾರು ಮಾಡ್ಯಾರೇನ್ರಿ?" ಎಂದ ಅವನು.

"ಇಲ್ರಿ."

"ಮತ್ತ?"

ಕರುಣಾ ಶಿಬಿರದ ಪಟ್ಟಿಯಿಂದ ಇಪ್ಪತ್ತೆರಡು ಹೆಸರುಗಳನ್ನೂ ಬರೆದುಕೊಂಡಳು. ಮೂರು ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. ಭಾನುವಾರ ಬೂದು ಮುಚ್ಚಳದ ನಳಿಕೆಗಳನ್ನು ಚೀಲಕ್ಕೆ ಹಾಕಿಕೊಂಡು ಅಮ್ಮಿನಬಾವಿಯ ಬಸ್ಸು ಹತ್ತಿದಳು.

ಬೆಳಗ್ಗೆ ಹತ್ತರ ಸುಮಾರಿಗೆ ಅವಳು ತಲುಪಿದಾಗ ಮುರುಗೆಪ್ಪ ಕಟ್ಟೆಯ ಮೇಲೆ ಕುಳಿತು ಹೋಳಿಗೆ ತಿನ್ನುತ್ತಿದ್ದ.

"ಕಾಕಾ, ನಿಮ್ಮ ರಿಪೋರ್ಟ್ ತಪ್ಪೈತ್ರಿ. ಸಹಿ ನಂದ."

ಅವನು ಕೈಯಲ್ಲಿದ್ದ ತುಂಡನ್ನು ಮುಗಿಸಿ, ಆಮೇಲೆ ತಾಟು ಕೆಳಗಿಟ್ಟ. ಕರುಣಾ ವಿವರಿಸಿದಳು.

"ರಕ್ತದಾಗಿನ ಕೆಂಪು ಕಣ ನಳಿಕ್ಯಾಗ ಹಾಕಿದ ಮ್ಯಾಲೂ ಜೀವಂತ ಇರ್ತಾವ್ರಿ. ಅವಕ್ಕ ಉಣ್ಣಾಕ ಸಕ್ಕರಿ ಒಂದ. ಬ್ಯಾರೆ ಏನೂ ದಕ್ಕೂದಿಲ್ಲ. ಇಡೀ ಮೈಗೆ ಪ್ರಾಣವಾಯು ಹೊತ್ತು ಹಂಚತಾವ, ತಾವು ಒಂದು ಚೂರೂ ಬಳಸೂದಿಲ್ಲ."

"ನಮ್ಮ ಸೊಸೈಟಿ ಸೆಕ್ರೆಟರಿ ಹಂಗಲ್ಲ," ಎಂದ ಮುರುಗೆಪ್ಪ. "ಅಂದ್ರ ಪಥ್ಯ ನಾ ಮಾಡೂದು, ಸಕ್ಕರಿ ಅವು ತಿನ್ನೂದು?"

"ಮೈಯಾಗೂ ತಿಂತಾವ್ರಿ. ಅಲ್ಲೆ ಮತ್ತ ಮತ್ತ ಸಕ್ಕರಿ ಬರ್ತಿರ್ತೈತಿ. ನಳಿಕ್ಯಾಗ ಯಾರು ಬಡಸಬೇಕು? ಇದ್ದದ್ದನ್ನ ತಿಂದು ಇಳಿಸ್ತಾವ. ಬೂದು ಮುಚ್ಚಳದಾಗಿನ ಔಷಧ ಅವುಗಳ ಬಾಯಿ ಕಟ್ತೈತಿ."

ಅವನು ನಂಬಲಿಲ್ಲ. ಕರುಣಾ ಬೂದು ನಳಿಕೆಗೆ ಅವನ ರಕ್ತ ತೆಗೆದುಕೊಂಡಳು. ರಕ್ತ ಹೆಪ್ಪುಗಟ್ಟದಿದ್ದರೂ ಕಣಗಳ ಊಟ ನಿಲ್ಲದ ನೇರಳೆ ಮುಚ್ಚಳದ ಇನ್ನೊಂದು ನಳಿಕೆಗೂ ತುಂಬಿ, ಅದರಿಂದ ಒಂದು ಹನಿಯನ್ನು ಸಕ್ಕರೆ ಅಳೆಯುವ ಕೈಯಂತ್ರಕ್ಕೆ ಹಾಕಿದಳು. ಇನ್ನೂರ ಅರವತ್ತೆಂಟು. ನೇರಳೆ ನಳಿಕೆಯನ್ನು ಅವನ ಮುಂದೆಯೇ ಗೋಡೆಯ ಗೂಡಿನಲ್ಲಿಟ್ಟು ಉಳಿದವರ ಮನೆಗಳಿಗೆ ಹೊರಟಳು.

ನಾಲ್ಕು ಗಂಟೆಗೆ ಮರಳಿದಾಗ ಮುರುಗೆಪ್ಪ ಗೂಡಿನ ಎದುರಿಗೇ ಕುಳಿತಿದ್ದ.

"ಊಟಕ್ಕೂ ಎದ್ದಿಲ್ಲ, ತಂಗಿ. ಯಾರರೆ ಮುಟ್ಯಾರು ಅಂತ ಕಾಯಾಕತ್ಯಾರ," ಎಂದಳು ಅವನ ಹೆಂಡತಿ ಚನ್ನಬಸವ್ವ.

ಕರುಣಾ ನಳಿಕೆಯನ್ನು ಮೆಲ್ಲಗೆ ಮೇಲೆ ಕೆಳಗೆ ಮಾಡಿ ಮತ್ತೆ ಒಂದು ಹನಿ ಹಾಕಿದಳು. ಇನ್ನೂರ ನಾಲ್ಕು.

ಮುರುಗೆಪ್ಪ ಬೆರಳು ಮಡಚಿ ಎಣಿಸಿದ. "ಆರು ತಾಸಿನ್ಯಾಗ ಅರವತ್ನಾಲ್ಕು ತಿಂದಾವ," ಎಂದ. ಹೆಂಡತಿಯ ಕಡೆ ತಿರುಗಿದ. "ಗುಳಿಗಿ ಎಲ್ಲಿ ಇಟ್ಟೀ ನೋಡು."

ಸೋಮವಾರ ಹೊಸ ಫಲಿತಾಂಶಗಳನ್ನು ಕಂಡ ಬಸವಪ್ರಭು ತಿದ್ದುಪಡಿ ಪತ್ರದಲ್ಲಿ 'ತಾಂತ್ರಿಕ ಕಾರಣ' ಎಂದು ಬರೆಯಲು ಹೇಳಿದ. ಕರುಣಾ 'ನನ್ನ ತಪ್ಪು' ಎಂದು ಬರೆದಳು. ಅವನು ಎರಡು ಸಲ ಓದಿ ಕಳಿಸಿಕೊಟ್ಟ. ಗೌತಮ ತಾನೇ ಮರೆತದ್ದೆಂದು ಕಣ್ಣು ತುಂಬಿಕೊಂಡಾಗ, "ನೋಡಿ ಸಹಿ ಹಾಕಿದಾಕಿ ನಾನಪಾ," ಎಂದಳು.

ಇಪ್ಪತ್ತೆರಡರಲ್ಲಿ ಮೂವರು, ಮೊದಲಿನ ರಿಪೋರ್ಟೇ ಛಲೋ ಇದೆ, ಅದೇ ಇರಲಿ ಎಂದು ರಕ್ತ ಕೊಟ್ಟಿರಲಿಲ್ಲ. ಮುಂದಿನ ಭಾನುವಾರ ಕರುಣಾ ಮತ್ತೆ ಹೋದಳು. ಇಬ್ಬರು ತೋಳು ಚಾಚಿದರು. ಮೂರನೆಯವನಾದ ಶಂಭುಲಿಂಗ ಅವಳನ್ನು ಕಂಡವನೇ ಹಿತ್ತಲ ಬಾಗಿಲಿಂದ ಹೊಲಕ್ಕೆ ನಡೆದ. ಅವಳು ಅವನ ಕಟ್ಟೆಯ ಮೇಲೆ ಕುಳಿತು ಕಾಯ್ದಳು. ಊಟದ ಹೊತ್ತಿಗೆ ಬಂದು, ಅವಳ ಪಕ್ಕ ಕುಳಿತು ಅಂಗಿಯ ತೋಳು ಮಡಚಿದ.