ಸಮಾಲೋಚಕರ ಗುರುಗಳಿಗೂ ಗುರು, ಈ ‘ಆಮೇಲಕ್ಕ’

ಬೆಳಗಿನ ಬೆಳಕು ಇನ್ನೂ ಕಿಟಕಿಯ ಸರಳು ದಾಟಿಲ್ಲ. ವಿಶ್ವವಿದ್ಯಾಲಯದ ಹಳೆಯ ಕಟ್ಟಡದ ಮೂಲೆ ಕೋಣೆಯಲ್ಲಿ ಆಕೆ ಕೂತಿದ್ದಾರೆ. ಕಿವಿಗೆ ದಪ್ಪನೆಯ ಹೆಡ್‌ಫೋನ್, ಪಕ್ಕದಲ್ಲಿ ಆರಿಹೋದ ಚಹಾ. ಎದುರಿನ ಪರದೆಯಲ್ಲಿ ಇಬ್ಬರು ಮಾತಾಡುತ್ತಿದ್ದಾರೆ. ಒಬ್ಬಳು ಈಗಷ್ಟೇ ಕೆಲಸ ಕಲಿಯುತ್ತಿರುವ ಆಪ್ತಸಮಾಲೋಚಕಿ. ಇನ್ನೊಬ್ಬ ಅವಳ ಕೆಲಸ ತಿದ್ದುವ ಮೇಲ್ವಿಚಾರಕ, ಪಿಎಚ್.ಡಿ. ವಿದ್ಯಾರ್ಥಿ. “ಎಲ್ಲಾ ಚೆನ್ನಾಗೇ ಆಯ್ತು ಸರ್” ಎನ್ನುತ್ತಾಳೆ ಹುಡುಗಿ. ಅವನು ತಲೆಯಾಡಿಸಿ ಮುಂದಿನ ವಿಷಯಕ್ಕೆ ಹೋಗುತ್ತಾನೆ. ಆಕೆ ತಟ್ಟನೆ ದೃಶ್ಯ ನಿಲ್ಲಿಸಿ ಹಿಂದಕ್ಕೆ ಓಡಿಸಿ, ಮಾತಾಡಿಸಲು ಬಂದ ನಮಗೆ ತೋರಿಸುತ್ತಾರೆ.

“ನೋಡಿ, ‘ಚೆನ್ನಾಗೇ’ ಅನ್ನುವಾಗ ಅವಳ ಕಣ್ಣು ಬಾಗಿಲ ಕಡೆ ಹೋಯ್ತು. ಏನೋ ನುಂಗಿಕೊಂಡಿದಾಳೆ. ಇವನು ‘ಆಮೇಲೆ?’ ಅಂತ ಒಂದು ಮಾತು ಕೇಳಿದ್ದಿದ್ರೆ ಹೇಳಿಬಿಡ್ತಿದ್ಲು.”

ಆ ಒಂದು ಪ್ರಶ್ನೆಯನ್ನು ಕೇಳಿ ಕೇಳಿಯೇ ಆಕೆಗೆ ವಿದ್ಯಾರ್ಥಿಗಳ ಬಾಯಲ್ಲಿ ‘ಆಮೇಲಕ್ಕ’ ಎಂಬ ಹೆಸರು ಬಿದ್ದಿದೆ. ಆಕೆಗೂ ಗೊತ್ತು. ಬೇಜಾರಿಲ್ಲ.

ಆಕೆಯ ಕೆಲಸ ಏನೆಂದು ಹೇಳುವುದು ಸ್ವಲ್ಪ ಸುತ್ತುಬಳಸಿನ ಮಾತು. ಮನಸ್ಸು ಕುಗ್ಗಿದವರು ಸಮಾಲೋಚಕರ ಬಳಿ ಹೋಗುತ್ತಾರೆ. ಆ ಸಮಾಲೋಚಕರಿಗೆ ಕಲಿಸಲು, ಅವರ ತಪ್ಪು ತಿದ್ದಲು ಒಬ್ಬ ಮೇಲ್ವಿಚಾರಕ ಬೇಕು. ಆ ಮೇಲ್ವಿಚಾರಕರನ್ನು ತಯಾರು ಮಾಡುವವರು ಯಾರು? ಈಕೆ. ಪಿಎಚ್.ಡಿ. ಎಂದರೆ ಗ್ರಂಥಾಲಯ, ಪ್ರಬಂಧ, ಕನ್ನಡಕ ಎಂದುಕೊಂಡವರಿಗೆ ಇಲ್ಲಿನ ಪಾಠ ಬೇರೆಯೇ ಕಾಣುತ್ತದೆ. ಸಮಾಲೋಚನೆಗೆ ಬಂದವರ ಒಪ್ಪಿಗೆ ಪಡೆದು ಮಾತುಕತೆಯನ್ನು ಚಿತ್ರೀಕರಿಸುತ್ತಾರೆ. ಕಿರಿಯರು ಅದನ್ನು ಹಿರಿಯರಿಗೆ ತೋರಿಸುತ್ತಾರೆ. ಆ ಹಿರಿಯರು ಹೇಗೆ ತಿದ್ದಿದರು ಎಂಬುದನ್ನೂ ಚಿತ್ರೀಕರಿಸಿ ಇಡುತ್ತಾರೆ, ಎರಡನ್ನೂ ಆಮೇಲಕ್ಕ ನೋಡುತ್ತಾರೆ. ನಿತ್ಯ ತರಗತಿ ಶುರುವಾಗುವ ಮೊದಲೇ ಇಂಥ ಮೂರು ನಾಲ್ಕು ಚಿತ್ರಣಗಳು ಮುಗಿದಿರುತ್ತವೆ. ನೊಂದು ಬಂದವರಿಗೆ ಈಕೆಯ ಮುಖವೂ ಗೊತ್ತಿಲ್ಲ, ಹೆಸರೂ ಗೊತ್ತಿಲ್ಲ.

ಮನೆಯವರಿಗೂ ಪೂರ್ತಿ ಗೊತ್ತಿದ್ದ ಹಾಗಿಲ್ಲ. ಅತ್ತೆಯಂತೂ ಬಂದವರಿಗೆಲ್ಲ ಹೇಳುತ್ತಾರೆ: “ನಮ್ಮ ಸೊಸೆ ಡಾಕ್ಟ್ರು. ಆದ್ರೆ ಜ್ವರ, ಕೆಮ್ಮು ಮಾತ್ರ ಕೇಳ್ಬೇಡಿ, ಅದೊಂದು ಬಿಟ್ಟು ಬೇರೆಲ್ಲಾ ಗೊತ್ತು!”

ಈಕೆ ಮೊದಲು ದೊಡ್ಡ ಆಸ್ಪತ್ರೆಯೊಂದರ ಅಪಘಾತ ವಿಭಾಗದಲ್ಲಿ ಸಮಾಲೋಚಕಿ. ಕೈಕಾಲು ಕಳೆದುಕೊಂಡವರ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂರುವ ಕೆಲಸ. ಕಿರಿಯ ಸಹೋದ್ಯೋಗಿಗಳು ಬರುತ್ತಿದ್ದರು, ಕೆಲವೇ ತಿಂಗಳಲ್ಲಿ ಮೆಟ್ಟಿಲ ಬಳಿ ಕೂತು ಅತ್ತು ಕೆಲಸ ಬಿಡುತ್ತಿದ್ದರು. “ಅಳೋರ ಮಾತು ಕೇಳೋಕೆ ನಾವಿದ್ವಿ. ನಮ್ಮ ಮಾತು ಕೇಳೋಕೆ ಯಾರಿದ್ರು? ಯಾರಾದ್ರೂ ಅದನ್ನ ಕಲಿತು ಬರ್ಬೇಕು ಅನ್ನಿಸ್ತು. ಯಾರೂ ಹೋಗ್ಲಿಲ್ಲ, ನಾನೇ ಹೋದೆ.”

ಪಿಎಚ್.ಡಿ. ಓದಲು ಹೋದಾಗ ವಯಸ್ಸು ನಲವತ್ತು ದಾಟಿತ್ತು. ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುವ ಗಂಡ ಅಡುಗೆಮನೆ ವಹಿಸಿಕೊಂಡರು. ಸಂಖ್ಯಾಶಾಸ್ತ್ರ ಆಕೆಗೆ ಕಬ್ಬಿಣದ ಕಡಲೆಯಾದಾಗ ಕಾಲೇಜು ಓದುತ್ತಿದ್ದ ಮಗಳೇ ಮೇಷ್ಟ್ರಾದಳು. “‘ಅಮ್ಮಾ, ನೀನು ನನಗೆ ಬೈತಿದ್ದ ಹಾಗೆ ನಾನು ಬೈಯಲ್ಲ, ಹೆದರ್ಬೇಡ’ ಅಂತಿದ್ಲು. ಬೈದ್ಲು, ಚೆನ್ನಾಗೇ ಬೈದ್ಲು” ಎಂದು ಆಕೆ ನಗುತ್ತಾರೆ.

ಕಲಿತು, ಕಲಿಸುವವರಾದ ಮೇಲೆ ಎದುರಾದ ಕಷ್ಟದ ದಿನದ ಬಗ್ಗೆ ಕೇಳಿದರೆ ನಗು ಸ್ವಲ್ಪ ಹಿಂದೆ ಸರಿಯುತ್ತದೆ. ಕೆಲವು ವರ್ಷಗಳ ಹಿಂದಿನ ಮಾತು. ಆಗ ವಿಭಾಗದ ಕಣ್ಮಣಿಯಂತೆ ಒಬ್ಬ ವಿದ್ಯಾರ್ಥಿಯಿದ್ದ. ಮಾತಿಗೆ ನಿಂತರೆ ಸಭೆಯೇ ತಲೆದೂಗಬೇಕು. ಪ್ರಬಂಧ ಬಹುತೇಕ ಮುಗಿದಿತ್ತು. ಅವನ ಕೈಕೆಳಗೆ ಕಲಿಯುತ್ತಿದ್ದ ಹುಡುಗಿಯೊಬ್ಬಳ ಚಿತ್ರಣವನ್ನು ಒಂದು ಬೆಳಿಗ್ಗೆ ಈಕೆ ನೋಡುತ್ತಿದ್ದರು. ಅದರಲ್ಲಿ ಸಮಾಲೋಚನೆಗೆ ಬಂದ ಯುವತಿ, ಮಾತಿನ ನಡುವೆ, “ನಾನಿಲ್ಲದಿದ್ರೆ ಎಲ್ರಿಗೂ ನೆಮ್ಮದಿ” ಎಂದುಬಿಟ್ಟಳು. ಎದುರಿದ್ದ ಹುಡುಗಿ ಗಾಬರಿಯಾಗಿ ಮಾತು ಬದಲಿಸಿದಳು. ಆಮೇಲೆ ತನ್ನ ಮೇಲ್ವಿಚಾರಕನಿಗೆ ಅದನ್ನು ಹೇಳಲೂ ಇಲ್ಲ, ಆ ಭಾಗ ತೋರಿಸಲೂ ಇಲ್ಲ.

ಆಮೇಲಕ್ಕ ಹೆಡ್‌ಫೋನ್ ಕಿತ್ತಿಟ್ಟು ಆ ಹುಡುಗಿಗೆ ಫೋನು ಮಾಡಿ ಕೋಣೆಗೆ ಕರೆಸಿಕೊಂಡರು. ಬೈಯಲಿಲ್ಲ. ಅವಳಿಂದಲೇ ಆ ಯುವತಿಗೆ ಕರೆ ಮಾಡಿಸಿದರು. ಏನು ಕೇಳಬೇಕು, ಹೇಗೆ ಕೇಳಬೇಕು ಎಂದು ಪಕ್ಕದಲ್ಲೇ ನಿಂತು ಹೇಳಿಕೊಟ್ಟರು. ಯುವತಿ ಫೋನು ಎತ್ತಿದಳು, ಅತ್ತಳು, ತನ್ನ ಅಕ್ಕನನ್ನು ಕರೆದುಕೊಂಡು ಮಧ್ಯಾಹ್ನದೊಳಗೆ ಬಂದಳು. ಜೀವ ಉಳಿಯಿತು.

ಮುಖ್ಯ ಪ್ರಶ್ನೆ ಉಳಿದದ್ದು ಆಮೇಲೆ. ಹುಡುಗಿ ಯಾಕೆ ಮುಚ್ಚಿಟ್ಟಳು? ಅವಳು ತಲೆ ತಗ್ಗಿಸಿ ಹೇಳಿದ್ದು ಇಷ್ಟೇ: “ತಪ್ಪು ಮಾಡಿದ್ರೆ ಸರ್ ಎಲ್ರ ಮುಂದೆ ನಗಾಡ್ತಾರೆ ಮೇಡಂ.”

ಆ ವರ್ಷ ಆಮೇಲಕ್ಕ ಅವನನ್ನು ಪಾಸು ಮಾಡಲಿಲ್ಲ. ವಿಭಾಗದ ಮುಖ್ಯಸ್ಥರು ಕರೆದು, “ಇಷ್ಟು ಬುದ್ಧಿವಂತನನ್ನ ನಿಲ್ಲಿಸಿದ್ರೆ ಜನ ಏನಂತಾರೆ?” ಎಂದರು. ಈಕೆ ಪಟ್ಟು ಬಿಡಲಿಲ್ಲ. ಅವನು ಕೋಣೆಗೆ ನುಗ್ಗಿ, “ನನಗೆ ಗೊತ್ತಿಲ್ಲದ್ದು ಏನಿದೆ, ಹೇಳಿ” ಎಂದು ಕೂಗಾಡಿದ.

“ನಿನಗೆ ಎಲ್ಲಾ ಗೊತ್ತು ಕಣೋ. ಆದ್ರೆ ನಿನ್ನ ಹತ್ರ ಬಂದು ‘ತಪ್ಪಾಯ್ತು’ ಅಂತ ಹೇಳೋಕೆ ಒಂದು ಮಗುಗೆ ಧೈರ್ಯ ಬರ್ಲಿಲ್ಲ. ಪ್ರಬಂಧದಲ್ಲಿ ಅದು ಕಾಣಲ್ಲ. ನನಗೆ ಕಾಣ್ತು” ಎಂದರಂತೆ.

ಬಾಗಿಲು ಬಡಿದು ಹೋದವನು ಒಂದು ವಾರ ಮುಖ ತೋರಿಸಲಿಲ್ಲ. ಆಮೇಲೆ ಬಂದ. ಒಂದಿಡೀ ವರ್ಷ, ವಾರಕ್ಕೊಮ್ಮೆ, ಇಬ್ಬರೂ ಕೂತು ಅವನದೇ ಚಿತ್ರಣ ನೋಡಿದರು. ತನ್ನ ನಗುವನ್ನು ತಾನೇ ಪರದೆಯಲ್ಲಿ ನೋಡಿ ಅವನು ಮುಖ ತಿರುಗಿಸಿಕೊಂಡ ದಿನ ಈಕೆಗೆ ನೆನಪಿದೆ. ಕೊನೆಗೊಂದು ದಿನ ಓಡೋಡಿ ಬಂದ. “ಅಕ್ಕಾ, ಇವತ್ತು ಒಬ್ಬ ಹುಡುಗ ಬಂದು ‘ಸರ್, ನಾನು ಎಡವಟ್ಟು ಮಾಡ್ದೆ’ ಅಂದ! ತಾನಾಗೇ ಬಂದು ಹೇಳ್ದ!” ಪದಕ ಸಿಕ್ಕವನ ಹಾಗಿದ್ದನಂತೆ. ಆ ವರ್ಷ ಈಕೆ ಸಹಿ ಹಾಕಿದರು. ಈಗ ಅವನು ಬೇರೊಂದು ಊರಿನಲ್ಲಿ ಸಮಾಲೋಚಕರಿಗೆ ಪಾಠ ಹೇಳುತ್ತಾನೆ. ಅವನ ತರಗತಿಗೆ ಸೀಟು ಸಿಗುವುದು ಕಷ್ಟ ಎನ್ನುತ್ತಾರೆ. ಅಂದು ಮುಚ್ಚಿಟ್ಟ ಹುಡುಗಿಯೂ ಕೆಲಸ ಬಿಡಲಿಲ್ಲ. ಈ ವರ್ಷ ಪಿಎಚ್.ಡಿ.ಗೆ ಇದೇ ವಿಭಾಗಕ್ಕೆ ಸೇರಿದ್ದಾಳೆ.

ನಿವೃತ್ತಿ ಹತ್ತಿರವಿದೆ. ಸನ್ಮಾನ, ಹಾರ, ಭಾಷಣ ಏನಾದರೂ? ಆಕೆ ಕೈಯಾಡಿಸಿ ಬೇಡವೆನ್ನುತ್ತಾರೆ. ಆಮೇಲೆ ಹೋದ ತಿಂಗಳು ಬಸ್ಸಿನಲ್ಲಿ ನಡೆದದ್ದನ್ನು ಹೇಳುತ್ತಾರೆ. ಮುಂದಿನ ಸೀಟಿನಲ್ಲಿದ್ದ ಹೆಂಗಸು ಪಕ್ಕದವಳಿಗೆ ಹೇಳುತ್ತಿದ್ದಳಂತೆ, ಆಸ್ಪತ್ರೆಯ ಹೊಸ ಸಮಾಲೋಚಕಿಯ ಬಳಿ ಹೋಗಿ ಬಂದ ಮೇಲೆ ತನ್ನ ಮಗ ಮತ್ತೆ ಊಟಕ್ಕೆ ಎದ್ದು ಬರುತ್ತಿದ್ದಾನೆ ಎಂದು. ಹೆಸರು ಕೇಳಿದೊಡನೆ ಈಕೆಗೆ ಗೊತ್ತಾಯಿತು: ಆ ಸಮಾಲೋಚಕಿ, ಒಂದು ವರ್ಷ ಪಾಸು ಮಾಡದೆ ನಿಲ್ಲಿಸಿದ್ದ ಆ ವಿದ್ಯಾರ್ಥಿಯ ಕೈಯಲ್ಲೇ ಕಲಿತವಳು.

“ಲೆಕ್ಕಕ್ಕೆ ಅವಳು ನನಗೆ ಮೊಮ್ಮಗಳಾಗ್ಬೇಕು. ಹೇಳಿಬಿಡೋಣ ಅಂತ ನಾಲಿಗೆ ತುದಿಗೆ ಬಂತು, ಹೇಳ್ಲಿಲ್ಲ. ನಮ್ಮ ಸ್ಟಾಪು ಬಂತು, ಇಳೀಲೂ ಇಲ್ಲ. ಇನ್ನೂ ಸ್ವಲ್ಪ ಕೇಳೋಣ ಅಂತ ಕೂತೇ ಇದ್ದೆ.”